ಮೀಟರ್ ಬರೋವರೆಗೂ ಸೋಲಾರ್ ಆಫ್

ಸಂಪಾದಕರೇ,

ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕ್ಸಿ ಎರಡು ತಿಂಗಳಾಯ್ತು, ಆದ್ರೆ ನಾವು ತಗೊಂಡ ಕರೆಂಟು, ಸರ್ಕಾರಿ ಲೈನಿಗೆ (ಗ್ರಿಡ್‌ಗೆ) ವಾಪಸ್ ಕೊಟ್ಟ ಕರೆಂಟು ಎರಡನ್ನೂ ಲೆಕ್ಕ ಹಿಡಿಯೋ ನೆಟ್ ಮೀಟರ್ ಇನ್ನೂ ಬಂದಿಲ್ಲ. ಅಲ್ಲಿವರೆಗೆ ಹಳೇ ಮೀಟರಲ್ಲೇ ಓಡಿಸೋಣ ಅಂದ್ರೆ ಅದೂ ಆಗಲ್ಲ, ಎಷ್ಟೋ ಹಳೇ ಡಿಜಿಟಲ್ ಮೀಟರ್‌ಗಳು ನಾವು ಗ್ರಿಡ್‌ಗೆ ಕೊಟ್ಟ ಯೂನಿಟ್ಟನ್ನೂ ನಾವೇ ಬಳಸಿದ್ದು ಅಂತ ಎಣಿಸಿ ಬಿಲ್ಲಿಗೆ ಸೇರಿಸಿಬಿಡ್ತವೆ, ಅದಕ್ಕೆ ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಮಾಡೋ ಸೋಲಾರ್ ಇನ್ವರ್ಟರನ್ನೇ ಆಫ್ ಮಾಡಿಟ್ಟಿದೀವಿ. ಒಳ್ಳೇ ಬಿಸಿಲಿದ್ರೆ ದಿನಕ್ಕೆ ಹತ್ತು ಹನ್ನೆರಡು ಯೂನಿಟ್ ಬರೋದು ಹಾಗೇ ಹಾಳಾಗ್ತಿದೆ. ಪ್ಯಾನೆಲ್ ನೆರಳಲ್ಲಿ ಬೆಕ್ಕು ಮಲಗತ್ತೆ, ಪಕ್ಕದಲ್ಲಿ ನಮ್ಮಮ್ಮ ಹಪ್ಪಳ ಒಣಗಿಸ್ತಾರೆ, ಬಿಸಿಲು ಅಷ್ಟಕ್ಕಾದ್ರೂ ಉಪಯೋಗ ಆಗ್ತಿದೆ ಅನ್ನಿ.

ಕರೆಂಟ್ ಆಫೀಸಲ್ಲಿ ಮೀಟರ್ ಕೇಳಿದ್ರೆ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿನೂ ಮೀಟರ್ ಕೂತ ಮೇಲೇನೇ, ಸಾಲದ ಕಂತು ಮಾತ್ರ ಐದನೇ ತಾರೀಕು ತಪ್ಪದೆ ಕಟ್ ಆಗುತ್ತೆ.

ಇನ್ನೊಂದು, ಕರೆಂಟ್ ಹೋದಾಗ ನಮ್ಮ ಸೋಲಾರ್ ಕರೆಂಟ್ ಲೈನಿಗೆ ಹರಿದು ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದು ಅಂತ ಬ್ಯಾಟರಿ ಇಲ್ಲದ ಈ ಸೋಲಾರೂ ಬಂದ್ ಆಗುತ್ತೆ, ಮಾರೋರು ಇದನ್ನ ಮೊದ್ಲು ಬಾಯೇ ಬಿಡಲ್ಲ.

ಅರ್ಜಿ ಹಾಕಿದ ದಿನಾನೇ ಮೀಟರ್ ಯಾವತ್ತು ಅಂತ ಬರೆದುಕೊಡ್ಲಿ, ಇಲ್ಲಾಂದ್ರೆ ಹೊರಗಡೆ ಕೊಂಡು ಟೆಸ್ಟ್ ಮಾಡಿಸಿ ತನ್ನಿ ಅಂತಾದ್ರೂ ಹೇಳ್ಲಿ.

— ಒಬ್ಬ ಗ್ರಾಹಕ