ಅಮ್ಮನಿಗೆ, ಕಾರಿನ ವಿಷಯವಾಗಿ

ಪ್ರೀತಿಯ ಅಮ್ಮ,

ನಾವಿಲ್ಲಿ ಕ್ಷೇಮ, ಅಲ್ಲಿ ನೀವೂ ಕ್ಷೇಮ ಅಂದುಕೊಂಡಿದ್ದೇನೆ. ನಿನ್ನ ಪತ್ರ ಮೊನ್ನೆ ಬಂತು. ಮೂರು ಹಾಳೆ, ಎರಡೂ ಕಡೆ ಬರೆದಿದ್ದೀಯ, ಅದರಲ್ಲಿ ಎರಡೂವರೆ ಹಾಳೆ ನನ್ನ ಹೃದಯದ ಬಗ್ಗೆಯೇ ಇದೆ. ಚಿಕ್ಕಮ್ಮನವರೆಗೆ ಸುದ್ದಿ ಹೋಗಿದ್ದು ಹೇಗೆ ಅಂತ ನನಗೆ ಗೊತ್ತು. ಪುಟ್ಟಿಗೆ ಫೋನಿನಲ್ಲಿ "ಯಾರಿಗೂ ಹೇಳಬೇಡ" ಅಂದಿದ್ದೆ, ಅಷ್ಟು ಸಾಕಾಯಿತು. ಆದರೆ ಚಿಕ್ಕಮ್ಮ ಹೇಳಿದ ಹಾಗೇನೂ ಆಗಿಲ್ಲ. ನನಗೆ ಹಾರ್ಟ್ ಅಟ್ಯಾಕ್ ಆಗಿಲ್ಲ. ಆಕ್ಸಿಡೆಂಟೂ ಆಗಿಲ್ಲ. ಕಾರಿಗೆ ಒಂದು ಗೀರೂ ಬಿದ್ದಿಲ್ಲ. ಆಂಬುಲೆನ್ಸ್ ಬಂದಿದ್ದು ಮಾತ್ರ ನಿಜ.

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ನೀನು ಇಲ್ಲದ್ದನ್ನೆಲ್ಲ ಕಲ್ಪಿಸಿಕೊಂಡು ರಾತ್ರಿ ನಿದ್ದೆ ಬಿಡುತ್ತೀಯ. ಆವತ್ತು ಆಫೀಸಿನಿಂದ ವಾಪಸ್ ಬರುತ್ತಿದ್ದೆ. ದಿನಾ ಬರುವ ಹೈವೇ. ಮಳೆ ಇರಲಿಲ್ಲ, ಜಗಳ ಇರಲಿಲ್ಲ, ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಉದ್ದದ ಸೇತುವೆ ಒಂದಿದೆ, ಅದರ ಮೇಲೆ ಮಧ್ಯದ ಲೇನಿನಲ್ಲಿ ಇದ್ದೆ, ಎಡಕ್ಕೊಂದು ಲಾರಿ, ಬಲಕ್ಕೊಂದು ಲಾರಿ. ಇದ್ದಕ್ಕಿದ್ದ ಹಾಗೆ ಎದೆ ನಗಾರಿ ಬಡಿದ ಹಾಗೆ ಬಡಿಯತೊಡಗಿತು. ಕೈಬೆರಳೆಲ್ಲ ಜುಮ್ಮೆಂದವು, ಅಂಗೈ ಬೆವರಿ ಸ್ಟೇರಿಂಗ್ ಜಾರಿತು, ರಸ್ತೆ ಗಾಜಿನ ಆಚೆ ಎಲ್ಲೋ ದೂರದಲ್ಲಿ ನಡೆಯುತ್ತಿರುವ ಸಿನಿಮಾ ತರಹ ಕಂಡಿತು. ಈಗ ಸಾಯುತ್ತೇನೆ ಅನ್ನಿಸಿತು ಅಮ್ಮ. ಸಾಯಬಹುದು ಅಂತಲ್ಲ, ಸಾಯುತ್ತೇನೆ ಅಂತಲೇ. ಸೇತುವೆಯ ಮೇಲೆ ನಿಲ್ಲಿಸಲು ಜಾಗ ಇಲ್ಲ. ಹೇಗೋ ದಾಟಿ, ಪಕ್ಕದ ಅಂಚಿಗೆ ತಂದು, ನಾಲ್ಕೂ ಇಂಡಿಕೇಟರ್ ಹಾಕಿ ಕೂತೆ. ಕೈಗಡಿಯಾರ ನೋಡಿದರೆ ನಾಡಿ 138.

ಪೊಲೀಸ್ ಗಾಡಿ ತಾನಾಗೇ ಬಂದು ಹಿಂದೆ ನಿಂತಿತು. ಬೈಯುತ್ತಾನೆ ಅಂದುಕೊಂಡೆ. ಅವನು ಮಂಡಿಯೂರಿ ಕೂತು, ಕಿಟಕಿಯ ಮಟ್ಟಕ್ಕೆ ಮುಖ ತಂದು, "ಅವಸರ ಇಲ್ಲ, ನಿಧಾನ" ಅಂದ. ಅಣ್ಣನಿಗೆ ಇದನ್ನು ಹೇಳು, ಅವನು ನಂಬುವುದಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ಹೃದಯಕ್ಕೆ ಏಟಾಗಿದೆಯಾ ಅಂತ ರಕ್ತ ಪರೀಕ್ಷೆ ಮಾಡಿದರು, ಥೈರಾಯ್ಡ್ ನೋಡಿದರು. ಎಲ್ಲ ಸರಿ ಇದೆ. ಡಾಕ್ಟರಮ್ಮ ಬಂದು, ಇದು ಪ್ಯಾನಿಕ್ ಅಟ್ಯಾಕ್, ಹೃದಯ ಗಟ್ಟಿಯಾಗಿದೆ ಅಂದರು. ಸಾಯುತ್ತೇನೆ ಅಂತ ಹೋದವಳಿಗೆ ಏನೂ ಆಗಿಲ್ಲ ಅಂದರೆ ಖುಷಿಯಾಗಬೇಕು ಅಲ್ವಾ? ನನಗೆ ನಾಚಿಕೆಯಾಯಿತು. ಸುಮ್ನೆ ನಾಟಕ ಮಾಡಿ ಇಷ್ಟು ಜನರನ್ನು ಓಡಾಡಿಸಿದೆ ಅನ್ನಿಸಿತು. ಅದನ್ನೂ ಹೇಳಿದೆ. ಅವರು ನಕ್ಕು, ಮೊದಲ ಸಲ ಹೀಗಾದಾಗ ಬಂದು ತೋರಿಸಿಕೊಂಡಿದ್ದೇ ಸರಿ, ಎದೆ ಹಿಡಿದುಕೊಂಡವರು ತಾವೇ ಡಾಕ್ಟರಾಗಬಾರದು ಅಂದರು.

ನೀನು ಕೇಳಿದ್ದೀಯ, ಏನೂ ಇಲ್ಲದೆ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಅಂತ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹುಲಿ ಎದುರಾದರೆ ಮೈ ಏನು ಮಾಡುತ್ತದೋ ಅದನ್ನೇ ಮಾಡುತ್ತದೆ, ಆದರೆ ಹುಲಿ ಇರುವುದಿಲ್ಲ. ಅಡ್ರಿನಲಿನ್ ಅನ್ನುವುದು ರಕ್ತಕ್ಕೆ ನುಗ್ಗುತ್ತದೆ, ಓಡಲು ಬೇಕಾದ ರಕ್ತ ಕಾಲಿಗೆ ಹೋಗಲಿ ಅಂತ ಎದೆ ಜೋರಾಗಿ ಬಡಿಯುತ್ತದೆ, ಉಸಿರು ಜೋರಾಗುತ್ತದೆ. ಓಡದೆ ಸೀಟಿನಲ್ಲಿ ಕೂತೇ ಅಷ್ಟೊಂದು ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದರಿಂದಲೇ ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು. ತಲೆ ತಿರುಗಿ ಸ್ಟೇರಿಂಗ್ ಮೇಲೆ ಬೀಳುತ್ತೇನೆ ಅನ್ನುವುದೇ ನನ್ನ ದೊಡ್ಡ ಹೆದರಿಕೆಯಾಗಿತ್ತು. ಎಚ್ಚರ ತಪ್ಪಬೇಕಾದರೆ ಸಾಮಾನ್ಯವಾಗಿ ಬಿಪಿ ಇಳಿಯಬೇಕಂತೆ, ಪ್ಯಾನಿಕ್‌ನಲ್ಲಿ ಅದು ಏರುತ್ತದೆ. ಹಾಗಾಗಿ ಬೀಳುವುದು ತೀರಾ ಅಪರೂಪ. ಇದೊಂದು ಮಾತು ಗೊತ್ತಾದಮೇಲೆ ಅರ್ಧ ಭಾರ ಇಳಿಯಿತು. ಇನ್ನೊಂದು, ಅದು ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ಮೇಲಕ್ಕೇರಿ ಆಮೇಲೆ ತಾನಾಗಿ ಇಳಿಯುತ್ತದೆ. ಇಳಿಯದೆ ಬೇರೆ ದಾರಿಯೇ ಇಲ್ಲ, ಮೈಗೂ ಸುಸ್ತಾಗುತ್ತದಲ್ಲ.

ಈಗ ನಿನ್ನ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. "ಕಾರು ಮುಟ್ಟಬೇಡ, ಅಳಿಯಂದಿರು ಓಡಿಸಲಿ" ಅಂತ ನಾಲ್ಕು ಕಡೆ ಬರೆದಿದ್ದೀಯ. ಅಮ್ಮ, ಅದನ್ನು ನಾನಾಗಲೇ ಮಾಡಿ ಮುಗಿಸಿದ್ದೇನೆ. ಅದರಿಂದಲೇ ಕೆಟ್ಟಿದ್ದು. ಮೊದಲು ಮಧ್ಯದ ಲೇನ್ ಬಿಟ್ಟೆ. ಒಂದು ವಾರ ಆರಾಮಾಯಿತು. ಆಮೇಲೆ ಸೇತುವೆ ಬಿಟ್ಟೆ. ಆಮೇಲೆ ಹೈವೇಯನ್ನೇ ಬಿಟ್ಟು ಸಣ್ಣ ರಸ್ತೆಯಲ್ಲಿ ಸುತ್ತಿಕೊಂಡು ಹೋಗತೊಡಗಿದೆ, 25 ನಿಮಿಷದ ದಾರಿ 55 ನಿಮಿಷ. ಆಮೇಲೆ ಪಕ್ಕದಲ್ಲಿ ಇವರು ಕೂತಿದ್ದರೆ ಮಾತ್ರ ಓಡಿಸುವುದು. ಕೊನೆಗೆ ಇವರು ಓಡಿಸುವಾಗ ಪಕ್ಕದಲ್ಲಿ ಕೂತರೂ ಹಿಂದಿನ ರಾತ್ರಿಯಿಂದಲೇ ಹೊಟ್ಟೆ ಕಲಸುತ್ತಿತ್ತು. ಒಂದೊಂದು ಬಿಟ್ಟಾಗಲೂ ಹೆದರಿಕೆ ಸುಮ್ಮನಾಗಲಿಲ್ಲ, ಇನ್ನೊಂದು ಕೋಣೆ ಕೊಡು ಅಂತ ಕೇಳಿತು. ಬಾಡಿಗೆಗೆ ಬಂದವನು ಮನೆ ಯಜಮಾನನಾದ ಹಾಗೆ.

ಅದಕ್ಕೇ ಈಗ ಒಬ್ಬ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೇನೆ. ಹುಚ್ಚಿನ ಡಾಕ್ಟರು ಅಂತ ಅಜ್ಜಿಗೆ ಹೇಳಬೇಡ. ಅವರು ಹೇಳುವುದೂ ಇದನ್ನೇ, ತಪ್ಪಿಸಿಕೊಂಡಷ್ಟೂ ಜಾಸ್ತಿಯಾಗುತ್ತದೆ. ನಾನು ಒಂದು ಬಾಟಲಿ ನೀರು, ಪೆಪ್ಪರ್‌ಮಿಂಟು, ಸ್ಪೀಕರ್‌ನಲ್ಲಿ ಇವರ ಫೋನು, ಇಷ್ಟಿಲ್ಲದೆ ಕಾರು ಹತ್ತುತ್ತಿರಲಿಲ್ಲ. ಅವೆಲ್ಲ ಊರುಗೋಲು, ಒಂದೊಂದಾಗಿ ಕೆಳಗಿಡಿ ಅಂದರು. ಫೋನು ಮೊದಲು ಹೋಯಿತು. ಪೆಪ್ಪರ್‌ಮಿಂಟು ಇನ್ನೂ ಇದೆ.

ಅವರು ಕೊಟ್ಟ ಹೋಮ್‌ವರ್ಕ್ ಕೇಳಿದರೆ ನೀನು ನಗುತ್ತೀಯ. ತಿರುಗುವ ಕುರ್ಚಿಯಲ್ಲಿ ಕೂತು ಒಂದು ನಿಮಿಷ ಗಿರಗಿರ ತಿರುಗಬೇಕು. ಮೂಗು ಮುಚ್ಚಿ ಸಣ್ಣ ಸ್ಟ್ರಾದಲ್ಲಿ ಉಸಿರಾಡಬೇಕು. ಮೆಟ್ಟಿಲು ಹತ್ತಿ ಇಳಿದು ಎದೆ ಬಡಿತ ಏರಿಸಿಕೊಳ್ಳಬೇಕು. ದುಡ್ಡು ಕೊಟ್ಟು ತಲೆ ತಿರುಗಿಸಿಕೊಳ್ಳುವುದು! ತಲೆ ತಿರುಗಿದ್ದು, ಎದೆ ಬಡಿದದ್ದು ಬರೀ ಮೈಯ ಆಟ, ಅಪಾಯ ಅಲ್ಲ ಅಂತ ಮೈಗೇ ಅಭ್ಯಾಸವಾಗಲಿ ಅಂತ ಹಾಗೆ ಮಾಡಿಸುತ್ತಾರೆ. ಚಿನ್ನುಗೆ ಕುರ್ಚಿಯ ಹೋಮ್‌ವರ್ಕ್ ತುಂಬಾ ಇಷ್ಟವಾಗಿದೆ, ತನಗೂ ಅದೇ ಬೇಕು ಅಂತ ಸರದಿಯಲ್ಲಿ ನಿಲ್ಲುತ್ತಾನೆ. ಇವರು ಮೊದಲ ದಿನ ನಕ್ಕರು, ನಾನು ನೋಡಿದ ರೀತಿಗೆ ಎರಡನೇ ದಿನ ನಗಲಿಲ್ಲ.

ಕಾರಿನದು ಏಣಿ ಹತ್ತಿದ ಹಾಗೆ. ಮೊದಲ ಮೆಟ್ಟಿಲು, ಮನೆ ಮುಂದೆ ಇಂಜಿನ್ ಹಾಕಿ ಸುಮ್ನೆ ಹತ್ತು ನಿಮಿಷ ಕೂರುವುದು. ಆಮೇಲೆ ಬಡಾವಣೆ ಸುತ್ತುವುದು. ಆಮೇಲೆ ಹೈವೇ ಹತ್ತಿ ಮೊದಲ ಎಕ್ಸಿಟ್‌ನಲ್ಲೇ ಇಳಿಯುವುದು, ಹೆದರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದು. ಮೊದಲ ದಿನ 8 ಕೊಟ್ಟೆ. ಐದನೇ ಸಲಕ್ಕೆ 4. ಭಾನುವಾರ ಬೆಳಿಗ್ಗೆ, ಖಾಲಿ ರಸ್ತೆಯಲ್ಲಿ ಸೇತುವೆ ದಾಟಿದೆ, 9 ಇದ್ದದ್ದು ಸೇತುವೆ ಮುಗಿಯುವಾಗ 6 ಆಗಿತ್ತು. ಹಿಂದಿನ ವಾರ ಮತ್ತೆ ಎಲ್ಲ ಹಾಳಾಯಿತು, ಬಡಾವಣೆಯ ರಸ್ತೆಯಲ್ಲೇ 7. ಅಳು ಬಂತು. ಹಾಗೂ ಆಗುತ್ತದಂತೆ.

ಹೆದರಿಕೆ ಬಂದ ಗಳಿಗೆಯಲ್ಲಿ ಏನು ಮಾಡುತ್ತೀಯ ಅಂತ ಕೇಳಿದ್ದೀಯ. ಎಲ್ಲರೂ ಹೇಳುವ ಹಾಗೆ "ದೊಡ್ಡದಾಗಿ ಉಸಿರು ಎಳೆದುಕೋ" ಅನ್ನುವುದು ತಪ್ಪು. ಆಗಲೇ ಉಸಿರು ಜಾಸ್ತಿಯಾಗಿರುತ್ತದೆ, ಇನ್ನಷ್ಟು ಎಳೆದರೆ ಇನ್ನಷ್ಟು ಜುಮ್. ಮೂಗಿನಲ್ಲಿ ಸಣ್ಣದಾಗಿ ನಾಲ್ಕು ಎಣಿಸಿ ಎಳೆದು, ಆರು ಎಣಿಸಿ ನಿಧಾನವಾಗಿ ಬಿಡುವುದು. ಭುಜ ಕಿವಿಯ ಹತ್ತಿರ ಹೋಗಿರುತ್ತದೆ, ಅದನ್ನು ಇಳಿಸುವುದು. ಸ್ಟೇರಿಂಗ್ ಹಿಡಿತ ಸ್ವಲ್ಪ ಸಡಿಲ ಮಾಡುವುದು. ಕಣ್ಣು ಮುಂದಿನ ಬಂಪರ್‌ಗೆ ಅಂಟಿಸದೆ ದೂರಕ್ಕೆ ಬಿಡುವುದು, ಕಂಡ ಬೋರ್ಡನ್ನು ಜೋರಾಗಿ ಓದುವುದು. "ಬಂದಿದ್ದೀಯ, ಕೂತಿರು, ನಾನು ಓಡಿಸುತ್ತಿದ್ದೇನೆ" ಅಂತ ಅದಕ್ಕೇ ಹೇಳುವುದೂ ಉಂಟು, ಪಕ್ಕದ ಕಾರಿನವರು ಫೋನಿನಲ್ಲಿದ್ದಾಳೆ ಅಂದುಕೊಳ್ಳುತ್ತಾರೆ. ತೀರಾ ಆಗದಿದ್ದರೆ ಗಕ್ಕನೆ ಬ್ರೇಕ್ ಹಾಕದೆ, ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಸರಿಯಾದ ಜಾಗದಲ್ಲಿ ನಿಲ್ಲಿಸಿ, ಹೆದರಿಕೆ ಇಳಿದಮೇಲೆ ಮತ್ತೆ ಹೊರಡುವುದು. ಅಲ್ಲಿಂದ ಇವರನ್ನು ಕರೆಸಿಕೊಳ್ಳುವುದಿಲ್ಲ. ಅದೇ ಕಷ್ಟದ ಭಾಗ. ಚಿಕ್ಕಮ್ಮ ಕಳಿಸಿದ ವಿಡಿಯೋದಲ್ಲಿ ಕಣ್ಣು ಮುಚ್ಚಿ ಬಿಳಿ ಬೆಳಕನ್ನು ನೆನೆಯಿರಿ ಅಂತಿದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ! ಅವರಿಗೆ ಧನ್ಯವಾದ ಹೇಳು.

ಮಾತ್ರೆಯ ಬಗ್ಗೆಯೂ ಕೇಳಿದ್ದೀಯ. ದಿನಾ ತೆಗೆದುಕೊಳ್ಳುವ ಮಾತ್ರೆಗಳಿವೆ, ಪರಿಣಾಮ ಕಾಣಲು ಕೆಲವು ವಾರ ಬೇಕು. ತಕ್ಷಣ ತಣ್ಣಗಾಗಿಸುವ ಮಾತ್ರೆಯೂ ಇದೆ, ಅದು ಮಂಪರು ತರುತ್ತದೆ, ನುಂಗಿ ಕಾರು ಓಡಿಸುವ ಹಾಗಿಲ್ಲ, ಅಭ್ಯಾಸವೂ ಆಗಿಬಿಡಬಹುದು. ಸದ್ಯಕ್ಕೆ ನಾನು ಯಾವುದನ್ನೂ ಶುರು ಮಾಡಿಲ್ಲ. ಬೇಕಾದರೆ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ಕಾಫಿ ಮಾತ್ರ ದಿನಕ್ಕೆ ಒಂದೇ ಸಲ. ನಿಜವಾದ ಶಿಕ್ಷೆ ಅದೇ.

ಇಲ್ಲಿನ ರಸ್ತೆ ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡ. ಈ ದೇಶದಲ್ಲಿ ರಸ್ತೆಯ ಬಲಗಡೆ ಓಡಿಸುವುದು, ಮೊದಲ ತಿಂಗಳಿಡೀ ತಿರುಗುವಾಗಲೆಲ್ಲ ಇಂಡಿಕೇಟರ್ ಬದಲು ವೈಪರ್ ಹಾಕುತ್ತಿದ್ದೆ, ಬಿಸಿಲಲ್ಲಿ ಗಾಜು ಒರೆಸುತ್ತಾ ತಿರುಗುವವಳು ಅಂತ ಹೆಸರಾಗಿರಬೇಕು. ಸಿಗ್ನಲ್ ಇಲ್ಲದ ಚೌಕದಲ್ಲಿ ನಾಲ್ಕೂ ಕಡೆಯವರು ನಿಲ್ಲುತ್ತಾರೆ, ಮೊದಲು ಬಂದವರು ಮೊದಲು ಹೋಗಬೇಕು, ಆದರೆ "ನೀವು ಹೋಗಿ, ನೀವು ಹೋಗಿ" ಅಂತ ಕೈ ಆಡಿಸುತ್ತಾ ನಾಲ್ವರೂ ನಿಂತೇ ಇರುತ್ತಾರೆ. ಹೈವೇ ಅಂಚನ್ನು ಗೀರಿ ಗೀರಿ ಬಿಟ್ಟಿದ್ದಾರೆ, ಚಕ್ರ ಅದರ ಮೇಲೆ ಹೋದರೆ ಗರ್ರ್ ಅಂತ ಸದ್ದಾಗಿ ಎಚ್ಚರಿಸುತ್ತದೆ. ಹಾರ್ನ್ ಕೇಳುವುದು ತಿಂಗಳಿಗೊಮ್ಮೆ. ಅದಕ್ಕೇ ಯಾರಾದರೂ ಹಾರ್ನ್ ಹೊಡೆದರೆ ನನಗೆ ಅಂಜಿದವರ ಮೇಲೆ ಕಪ್ಪೆ ಎಸೆದ ಹಾಗಾಗುತ್ತದೆ.

ಈಗ ನಾನು ಬರೆಯಲು ಕೂತ ನಿಜವಾದ ಕಾರಣ. ಇದನ್ನು ಅಪ್ಪನ ಎದುರು ಜೋರಾಗಿ ಓದಬೇಡ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತಿತ್ತಾ, ಇದು ಕೆಲವೊಮ್ಮೆ ಮನೆಯವರಲ್ಲಿ ಬರುತ್ತದೆ ಅಂದರು. ಇಲ್ಲ, ನಮ್ಮ ಮನೆಯಲ್ಲಿ ಎಲ್ಲರೂ ಗಟ್ಟಿ ಅಂದೆ. ವಾಪಸ್ ಬರುವಾಗ, ಇವರ ಪಕ್ಕದಲ್ಲಿ ಕೂತಿದ್ದಾಗ, ಅಪ್ಪನ ನೆನಪಾಯಿತು. ನಾನು ಎಂಟನೇ ಕ್ಲಾಸು. ಮಾವನ ಮನೆಯಿಂದ ಬರುವಾಗ ಘಾಟಿಯ ತಿರುವಿನಲ್ಲಿ ಅಪ್ಪ ಕಾರು ನಿಲ್ಲಿಸಿ, ಇಳಿದು, ಮೈಲುಗಲ್ಲಿನ ಮೇಲೆ ಕೂತರು. ಅಂಗಿ ಪೂರ್ತಿ ಒದ್ದೆ. ಕೈಬೆರಳು ಉಜ್ಜಿಕೊಳ್ಳುತ್ತಿದ್ದರು. "ಗ್ಯಾಸು" ಅಂದರು. ನೀನು ನೀರು ಕೊಟ್ಟೆ. ಆಮೇಲೆ ಘಾಟಿಯಲ್ಲಿ ಮಾವನೇ ಓಡಿಸಿದ್ದು. ಆಮೇಲೆ ಅಪ್ಪ ಘಾಟಿ ಬಿಟ್ಟರು, ಆಮೇಲೆ ರಾತ್ರಿ ಓಡಿಸುವುದು ಬಿಟ್ಟರು, ಆಮೇಲೆ ಕಾರಿಗೆ ಟಾರ್ಪಾಲು ಬಿತ್ತು, ಆಮೇಲೆ ಮಾರಿದರು. ಕಣ್ಣು ಸರಿಯಿಲ್ಲ ಅಂದರು. ಅಮ್ಮ, ಅಪ್ಪ ಇವತ್ತಿಗೂ ಕನ್ನಡಕ ಇಲ್ಲದೆ ಪೇಪರ್ ಓದುತ್ತಾರೆ!

ನಾನು ಬಿಟ್ಟ ಕ್ರಮವೂ ಅದೇ ಅಲ್ವಾ?

ನಿನ್ನ ಪತ್ರದ ಕೊನೆಯಲ್ಲಿ, ನನ್ನ ವಿಷಯ ಕೇಳಿ ಅಪ್ಪ ಏನೂ ಮಾತಾಡದೆ ಹಿತ್ತಲಿಗೆ ಹೋಗಿ ಕೂತರು, ನನ್ನ ಮೇಲೆ ಬೇಜಾರಾಗಿರಬೇಕು ಅಂತ ಬರೆದಿದ್ದೀಯ. ಬೇಜಾರಲ್ಲ ಅದು. ಅವರಿಗೆ ಗೊತ್ತು. ಇಷ್ಟು ವರ್ಷ ಒಬ್ಬರೇ ಅದನ್ನು ಹೊತ್ತುಕೊಂಡಿದ್ದರಾ ಅಂತ ಯೋಚಿಸಿದರೆ ನನಗೆ ನಿದ್ದೆ ಬರುತ್ತಿಲ್ಲ. ಆಗ ಯಾರೂ ಇಸಿಜಿ ಮಾಡಿಸಲಿಲ್ಲ, ಗ್ಯಾಸು ಅಂದರು, ನಂಬಿದೆವು. ಈಗಲಾದರೂ ಒಮ್ಮೆ ಅವರ ಎದೆ, ಬಿಪಿ, ಥೈರಾಯ್ಡ್ ಎಲ್ಲ ನೋಡಿಸು. ಈ ವಯಸ್ಸಿಗೆ ಪ್ಯಾನಿಕ್ ಅಂತ ನಾವೇ ತೀರ್ಮಾನ ಮಾಡುವುದು ಬೇಡ. ಬಸ್ಸಿನಲ್ಲಿ ಬಾಗಿಲ ಪಕ್ಕವೇ ಕೂರುತ್ತಾರಲ್ಲ, ಸಿನಿಮಾದಲ್ಲಿ ಕೊನೆಯ ಸೀಟೇ ಬೇಕು ಅನ್ನುತ್ತಾರಲ್ಲ, ಅದನ್ನೂ ಡಾಕ್ಟರಿಗೆ ಹೇಳು. ಅವರ ಎದುರಿಗಲ್ಲ. ಮೊದಲು ನಾನೇ ಭಾನುವಾರ ಫೋನ್ ಮಾಡಿ ಮಾತಾಡುತ್ತೇನೆ. ಏನಂತ ಶುರು ಮಾಡಬೇಕು ಗೊತ್ತಾಗುತ್ತಿಲ್ಲ. "ಅಪ್ಪ, ನಿಮಗೂ ಬೆರಳು ಜುಮ್ಮೆನ್ನುತ್ತಿತ್ತಾ" ಅಂತ ಕೇಳುತ್ತೇನೆ, ಅಷ್ಟೇ. ನೀನು ಆ ಹೊತ್ತಿಗೆ ಅಡುಗೆಮನೆಯಲ್ಲಿರು.

ನನ್ನ ಬಗ್ಗೆ ಒಂದು ಚೂರೂ ಚಿಂತೆ ಬೇಡ. ಚೆನ್ನಾಗಿ ತಿನ್ನುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ (ಮೇಲೆ ಬರೆದದ್ದು ಒಂದೆರಡು ದಿನದ್ದು ಅಷ್ಟೇ), ತೂಕವೂ ಏರಿದೆ, ಇವರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಹೃದಯ ಕುದುರೆಯ ಹಾಗಿದೆ, ಡಾಕ್ಟರೇ ಹೇಳಿದ್ದು. ಏನೂ ಆಗುವುದಿಲ್ಲ. ನಿಜವಾಗಲೂ.

ಚಿನ್ನುವನ್ನು ಸ್ಕೂಲಿನಿಂದ ಕರೆದುಕೊಂಡು ಬರಬೇಕು, ಹೊತ್ತಾಯಿತು, ನಿಲ್ಲಿಸುತ್ತೇನೆ. ಅಜ್ಜಿಗೆ ನಮಸ್ಕಾರ, ಅಣ್ಣ ಅತ್ತಿಗೆಗೆ ಕೇಳಿದೆ ಅಂತ ಹೇಳು.

ನಿನ್ನ ಮಗಳು

ಮರೆತಿದ್ದೆ: ಈ ಪತ್ರ ಚಿಕ್ಕಮ್ಮನಿಗೆ ತೋರಿಸಬೇಡ. ತೋರಿಸಿದರೂ ಅಪ್ಪನ ವಿಷಯ ಇರುವ ಹಾಳೆ ತೆಗೆದಿಟ್ಟು ತೋರಿಸು.