ಸೈಟಿನ ಬೆಲೆ, ನನ್ನ ಸಹಿ

ಸ್ಟಟ್‌ಗಾರ್ಟ್, ಜರ್ಮನಿ

ಪ್ರೀತಿಯ ಅಣ್ಣ,

ಕರ್ತನ ನಾಮದಲ್ಲಿ ವಂದನೆಗಳು. ಅಪ್ಪ, ಅಮ್ಮ, ಅತ್ತಿಗೆಗೂ ಇದನ್ನು ಓದಿ ಹೇಳು. ಫೋನಿನಲ್ಲಾದರೆ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಪತ್ರ.

ಲಿಂಗರಾಜಪುರದ ಸೈಟಿಗೆ ಕೊಳ್ಳುವ ಪಾರ್ಟಿ ಸಿಕ್ಕಿದ್ದು ಸಂತೋಷ. ತಾತ ನಮ್ಮಿಬ್ಬರ ಹೆಸರಿಗೆ ಬರೆದಿಟ್ಟ ಥರ್ಟಿ ಫಾರ್ಟಿ ಅಡಿ ಸೈಟಿಗೆ 1 ಕೋಟಿ 60 ಲಕ್ಷ ಒಳ್ಳೆಯ ಬೆಲೆಯೇ. ಮಾರುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಕ್ರಯಪತ್ರದಲ್ಲಿ 1 ಕೋಟಿ ತೋರಿಸಿ, ಉಳಿದ 60 ಲಕ್ಷ ಕ್ಯಾಶ್ ತಗೊಳ್ಳೋಣ ಅಂದೆಯಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ಬೆಂಗಳೂರಿನಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನನಗೂ ಗೊತ್ತು. ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕಡಿಮೆ ತೋರಿಸಿದರೆ ಮಾತ್ರ ಸಬ್ ರಿಜಿಸ್ಟ್ರಾರ್ ತಕರಾರು ತೆಗೆಯುತ್ತಾರೆ. ಆ ದರಕ್ಕೆ ಸರಿಯಾಗಿ ಬರೆಸಿದರೆ ಯಾರೂ ಏನೂ ಕೇಳುವುದಿಲ್ಲ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕವನ್ನು ಬೇರೆ 2025ರ ಆಗಸ್ಟ್ ಕೊನೆಯಲ್ಲಿ 1ರಿಂದ 2%ಗೆ ಏರಿಸಿದ್ದಾರೆ. ಲೆಕ್ಕ ಹಾಕಿ ನೋಡಿದೆ. 60 ಲಕ್ಷ ಮುಚ್ಚಿಟ್ಟರೆ ಪಾರ್ಟಿಗೆ ಸುಮಾರು 4.5 ಲಕ್ಷ ಉಳಿಯುತ್ತದೆ. ನಮಗೆ ಮಾರಾಟದ ಲಾಭದ ಮೇಲಿನ 12.5% ತೆರಿಗೆ ಲೆಕ್ಕದಲ್ಲಿ 7.5 ಲಕ್ಷ. ಇದು ಸಣ್ಣ ಮೊತ್ತ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಫೀಸು ಕಟ್ಟುವವನು ನೀನು.

ಆದರೆ ಕ್ರಯಪತ್ರ ಒಮ್ಮೆ ತೆಗೆದು ಓದು ಅಣ್ಣ. ಸೈಟನ್ನು ಇಷ್ಟು ರೂಪಾಯಿಗೆ ಮಾರಿದ್ದೇವೆ, ಪೂರ್ತಿ ಹಣ ಸಂದಾಯವಾಗಿದೆ, ಇನ್ನು ಬಾಕಿ ಇಲ್ಲ ಅಂತ ಒಂದು ಸಾಲು ಇರುತ್ತದೆ. ಅದರ ಕೆಳಗೆ ಸಹಿ, ಹೆಬ್ಬೆಟ್ಟು, ಫೋಟೋ. ಬಾಯಲ್ಲಿ ಹೇಳಿದ ಸುಳ್ಳಾದರೆ ಗಾಳಿಗೆ ಹೋಯಿತು ಅನ್ನಬಹುದು. ಇದು ಸ್ಟಾಂಪ್ ಪೇಪರಿನ ಮೇಲೆ ಕೂತಿರುತ್ತದೆ.

ಇನ್ನು ನೀನು ಹೇಳಿದ ಎರಡನೇ ಮಾತು. ಆ ಕ್ಯಾಶಿನಲ್ಲಿ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು ತೆಗೆದು ಚರ್ಚ್ ಕಟ್ಟಡದ ಫಂಡಿಗೆ ಕೊಟ್ಟುಬಿಡೋಣ ಅಂದೆ. ಅಲ್ಲಿ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯ ತೆಗೆದು ನೋಡು. ಅನನೀಯ, ಸಪ್ಫೈರ ಅಂತ ಗಂಡ ಹೆಂಡತಿ ಭೂಮಿ ಮಾರುತ್ತಾರೆ. ಬಂದ ದುಡ್ಡಿನಲ್ಲಿ ಸ್ವಲ್ಪ ಇಟ್ಟುಕೊಂಡು, ಉಳಿದದ್ದನ್ನೇ ಪೂರ್ತಿ ದುಡ್ಡು ಅನ್ನುವ ಹಾಗೆ ತಂದು ಅಪೊಸ್ತಲರ ಪಾದದ ಹತ್ತಿರ ಇಡುತ್ತಾರೆ. ಇಟ್ಟುಕೊಂಡಿದ್ದು ತಪ್ಪು ಅಂತ ಅಪೊಸ್ತಲ ಪೇತ್ರ ಹೇಳುವುದೇ ಇಲ್ಲ. ಮಾರುವ ಮುಂಚೆ ಭೂಮಿ ನಿನ್ನದೇ, ಮಾರಿದ ಮೇಲೆ ದುಡ್ಡೂ ನಿನ್ನ ಕೈಯಲ್ಲೇ ಇತ್ತಲ್ಲ ಅನ್ನುತ್ತಾನೆ. ಆಮೇಲೆ ಬಂದ ಸಪ್ಫೈರಳನ್ನು ಅವನು ಕೇಳುವುದು ಒಂದೇ ಪ್ರಶ್ನೆ: ಭೂಮಿಯನ್ನು ಇಷ್ಟಕ್ಕೇ ಮಾರಿದಿರಾ? ಹೌದು, ಇಷ್ಟಕ್ಕೇ ಅನ್ನುತ್ತಾಳೆ. ಆ ಸುಳ್ಳಿಗೆ ಗಂಡನ ಹಿಂದೆಯೇ ಅವಳೂ ಬಿದ್ದು ಸಾಯುತ್ತಾಳೆ. ಅದೂ ಸೈಟಿನ ರೇಟಿನ ಸುಳ್ಳೇ, ಅದೂ ಚರ್ಚಿಗೆ ಕೊಟ್ಟ ದುಡ್ಡೇ! ಸಂಡೇ ಸ್ಕೂಲಿನಲ್ಲಿ ಈ ಕಥೆ ಕೇಳಿ ನಾವು ಹೆದರಿದ್ದೆವು. ದೊಡ್ಡವರಾದ ಮೇಲೆ ಚರ್ಚಿನಲ್ಲಿ ಇದರ ಮೇಲೆ ಒಂದು ಉಪದೇಶವನ್ನೂ ನಾನು ಕೇಳಿದ ನೆನಪಿಲ್ಲ. ಸುಂಕ ವಸೂಲಿಯ ಜಕ್ಕಾಯನ ಮೇಲೆ ಮಾತ್ರ ವರ್ಷವರ್ಷ ಕೇಳುತ್ತೇವೆ.

ಎಲ್ಲರೂ ಹೀಗೇ ಮಾಡುತ್ತಾರೆ, ನೀನು ಜರ್ಮನಿಯಲ್ಲಿ ಕೂತು ಉಪದೇಶ ಮಾಡುವುದು ಸುಲಭ ಅಂತ ಅತ್ತಿಗೆ ಅನ್ನಬಹುದು. ಇಲ್ಲಿಯವರೇನೂ ದೇವದೂತರಲ್ಲ. ಇಲ್ಲಿ ಬಿಲ್ಲಿನ ಮೇಲೆ 19% ತೆರಿಗೆ ಬೀಳುತ್ತದೆ. ಮನೆ ರಿಪೇರಿಗೆ ಬಂದವನು ಬಿಲ್ ಬೇಕಾ ಬೇಡ್ವಾ ಅಂತ ಮೆಲ್ಲಗೆ ಕೇಳುವುದು ಇಲ್ಲೂ ಉಂಟು.

ನನಗೂ ಇಲ್ಲಿ ಒಂದು ಪರೀಕ್ಷೆ ಬಂತು. ನಿಮಗೆ ಹೇಳಿರಲಿಲ್ಲ. ಬಂದ ಹೊಸದರಲ್ಲಿ ಮನೆ ವಿಳಾಸ ನೋಂದಾಯಿಸಲು ಹೋದಾಗ ಫಾರಂನಲ್ಲಿ ಧರ್ಮದ ಕಾಲಂ ಇತ್ತು. ಇಲ್ಲಿ ಸರ್ಕಾರವೇ ಸಂಬಳದಿಂದ ಚರ್ಚ್ ತೆರಿಗೆ ಹಿಡಿದು ಚರ್ಚಿಗೆ ಕೊಡುತ್ತದೆ. ನಮ್ಮ ಈ ರಾಜ್ಯದಲ್ಲಿ ಅದು ಆದಾಯ ತೆರಿಗೆಯ 8%. ಅಂದರೆ 400 ಯೂರೋ ಆದಾಯ ತೆರಿಗೆ ಇದ್ದರೆ ಇನ್ನೊಂದು 32 ಯೂರೋ. ಜೊತೆಗೆ ಬಂದಿದ್ದ ನರ್ಸ್ ಕಿವಿಯಲ್ಲಿ ಹೇಳಿದಳು, ಧರ್ಮ ಇಲ್ಲ ಅಂತ ಬರಿ, ದುಡ್ಡು ಉಳಿಯುತ್ತೆ, ಭಾನುವಾರ ಚರ್ಚಿಗೆ ಹೋದರೆ ಯಾರೂ ಬೇಡ ಅನ್ನಲ್ಲ. ಅವಳ ಮಾತು ನಿಜ, ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಆದರೆ ಕ್ರೈಸ್ತರಲ್ಲ ಅಂತ ಬರೆದುಕೊಟ್ಟು ಆಮೇಲೆ ಹೋಗಿ ಪ್ರಭು ಭೋಜನ ತಗೊಳ್ಳುವುದು ಹೇಗೆ? ಪ್ರೊಟೆಸ್ಟೆಂಟ್ ಅಂತ ಬರೆದೆ. ಪ್ರತಿ ತಿಂಗಳ ಪೇ ಸ್ಲಿಪ್ಪಿನಲ್ಲಿ ಆ ಕಡಿತ ಕಾಣುತ್ತದೆ. ಕೆಲವು ತಿಂಗಳು ಹೊಟ್ಟೆ ಉರಿಯುತ್ತದೆ, ಅದೂ ನಿಜ.

ಅಪ್ಪನಿಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಹಡ್ಸನ್ ಚರ್ಚಿನಲ್ಲಿ ಕನ್ನಡ ಆರಾಧನೆ ಮುಗಿದ ಮೇಲೆ ಅಪ್ಪ ಕಾಣಿಕೆ ಎಣಿಸುವಾಗ ನಾವು ಬಿರಿಯಾನಿಯ ಆಸೆಗೆ ಹೊರಗೆ ಕಾಯುತ್ತಿದ್ದೆವಲ್ಲ. ಇನ್ನೊಬ್ಬರು ಬರುವವರೆಗೆ ಅವರು ಚೀಲ ಬಿಚ್ಚುತ್ತಲೇ ಇರಲಿಲ್ಲ. ಇಬ್ಬರೂ ಎಣಿಸಿ, ಇಬ್ಬರೂ ರಿಜಿಸ್ಟರಿಗೆ ಸಹಿ ಹಾಕಬೇಕು. ನಿನಗೇ ನಿನ್ನ ಮೇಲೆ ನಂಬಿಕೆ ಇಲ್ವಾ ಅಂತ ಅಮ್ಮ ರೇಗಿಸುತ್ತಿದ್ದರು. ಬೈಬಲಿನ ಪೌಲನೂ ಅಷ್ಟೇ. ಯೆರೂಸಲೇಮಿನ ಬಡವರಿಗೆ ಸೇರಿಸಿದ ಹಣದ ವಿಷಯದಲ್ಲಿ ತನ್ನ ಜೊತೆಗಾರ ತೀತನ ಜೊತೆ ಇನ್ನೊಬ್ಬ ಸಹೋದರನನ್ನೂ ಕಳಿಸುತ್ತಾನೆ, ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು ಅಂತ. ಕರ್ತನ ಮುಂದೆ ಮಾತ್ರ ಸರಿಯಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಿರಬೇಕು ಅನ್ನುತ್ತಾನೆ. ನಮ್ಮ ವಾರ್ಡಿನಲ್ಲಿ ಮಾರ್ಫಿನ್ ಆಂಪ್ಯೂಲ್ ಒಂದೊಂದಕ್ಕೂ ಪುಸ್ತಕದಲ್ಲಿ ಲೆಕ್ಕ ಬರೆಯುವಾಗ ನನಗೆ ಅಪ್ಪನದೇ ನೆನಪು. 60 ಲಕ್ಷ ಕ್ಯಾಶಿಗೆ ಎರಡನೇ ಸಹಿ ಎಲ್ಲಿಂದ ತರುತ್ತೀಯ?

ಈಗ ಕೆಲಸದ ಮಾತು. ಆಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕೂ ಜಾಸ್ತಿ ಕ್ಯಾಶ್ ತಗೊಂಡರೆ, ತಗೊಂಡಷ್ಟೇ ದಂಡ ಹಾಕುವ ಕಾನೂನಿದೆ. ಬ್ರೋಕರ್ ಇದನ್ನು ಹೇಳಿರುವುದಿಲ್ಲ. ನಾನು ಎನ್‌ಆರ್‌ಐ ಆದ್ದರಿಂದ ನನ್ನ ಪಾಲಿನಲ್ಲಿ ಪಾರ್ಟಿ ಟಿಡಿಎಸ್, ಅಂದರೆ ಕೊಡುವ ಹಣದಲ್ಲೇ ತೆರಿಗೆ ಹಿಡಿಯಬೇಕು, ಅದನ್ನೂ ಅವರಿಗೆ ಮೊದಲೇ ತಿಳಿಸು. ತೆರಿಗೆ ಉಳಿಸುವ ನೇರ ದಾರಿಗಳೂ ಇವೆ. ಸೈಟು ಮಾರಿದ ದುಡ್ಡಿನಲ್ಲಿ ಎರಡು ವರ್ಷದೊಳಗೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಸಿಗುತ್ತದೆ. ಅದಕ್ಕೆ ಷರತ್ತುಗಳಿವೆ, ಆಡಿಟರ್ ಹತ್ತಿರ ಕೂತು ಕೇಳು.

ಪೂರ್ತಿ ಬೆಲೆ ಬರೆಸುತ್ತೇವೆ ಅಂದರೆ ಪಾರ್ಟಿ ಕೈಬಿಡಬಹುದು, ಇಲ್ಲವೇ ಬೆಲೆ ಇಳಿಸಿ ಅನ್ನಬಹುದು. 5 ಲಕ್ಷದವರೆಗೆ ಇಳಿಸು, ಅಷ್ಟೂ ನನ್ನ ಪಾಲಿನಲ್ಲೇ ಹಿಡಿದುಕೋ. ನಿನ್ನ ಪಾಲು ಮುಟ್ಟಬೇಡ. ಅದಕ್ಕೂ ಒಪ್ಪದಿದ್ದರೆ ಸೈಟು ಇನ್ನೊಂದು ವರ್ಷ ಸುಮ್ನೆ ಇರಲಿ, ಅದಕ್ಕೇನು ಅನ್ನ ಹಾಕಬೇಕಾ?

ಪೂರ್ತಿ ಬೆಲೆ ನಮೂದಿಸಿದ ಪವರ್ ಆಫ್ ಅಟಾರ್ನಿ ಡ್ರಾಫ್ಟ್ ಕಳಿಸು. ರಜೆ ಹಾಕಿ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟಿಗೆ ಹೋಗಿ ಸಹಿ ದೃಢೀಕರಿಸಿ ಕೊರಿಯರ್ ಮಾಡುತ್ತೇನೆ. ಅದು ಕೈಗೆ ಬಂದ ಮೂರು ತಿಂಗಳೊಳಗೆ ಅಲ್ಲಿ ಸ್ಟಾಂಪ್ ಹಾಕಿಸಬೇಕು, ಮರೆಯಬೇಡ. ಡ್ರಾಫ್ಟಿನಲ್ಲಿ ತಾತನ ಹೆಸರು ಖಾತಾದಲ್ಲಿ ಇರುವ ಹಾಗೇ ಇದೆಯಾ ಅಂತ ಅಪ್ಪನ ಕೈಲಿ ಒಮ್ಮೆ ಓದಿಸು.

ಪ್ರೀತಿಯಿಂದ,
ನಿನ್ನ ತಂಗಿ