ಬಿದ್ದ ಮೇಲೆ ಮತ್ತೆ ಹಾರುವುದಕ್ಕೆ ಮೊದಲೇ ಕರಾರು ಬರೆಯಿರಿ: ಸೀಪ್ಲೇನ್ ಕುರಿತು ಧಾರವಾಡದ ಸಂಸದರಿಗೆ ಬಹಿರಂಗ ಪತ್ರ

ಧಾರವಾಡ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ಹುಬ್ಬಳ್ಳಿ-ಧಾರವಾಡದಲ್ಲಿರುವ ವಿಮಾನ ನಿರ್ವಹಣಾ ಇಂಜಿನಿಯರುಗಳ ನಮಸ್ಕಾರಗಳು.

ಹುಬ್ಬಳ್ಳಿ ರನ್‌ವೇಯಿಂದ ಎದ್ದು ಗಣೇಶಗುಡಿಯ ಸೂಪಾ ಹಿನ್ನೀರಿನಲ್ಲೋ ಕಾರವಾರದ ಕಾಳಿ ನದಿಯಲ್ಲೋ ಇಳಿಯುವ ಸೀಪ್ಲೇನ್ ಬೇಕೆಂಬ ಮಾತು ಈ ಭಾಗದಲ್ಲಿ ಆಗಾಗ ಏಳುತ್ತದೆ. ಬರಲಿ, ನಮಗೂ ಬೇಕು. ಆದರೆ ಯಾವ ಕಂಪನಿ ಬಂದರೂ ಅದರ ಕರಾರಿನಲ್ಲಿ ಒಂದು ಅಧ್ಯಾಯ ಇರಲೇಬೇಕು: ಒಂದು ವಿಮಾನ ಬಿದ್ದರೆ ಉಳಿದವು ಏನೇನು ತಪಾಸಣೆ ಮುಗಿಸಿ, ಯಾರ ಸಹಿಯ ಮೇಲೆ ಮತ್ತೆ ಹಾರಬೇಕು? ಅಪಶಕುನದ ಮಾತೆಂದು ದಯವಿಟ್ಟು ಬದಿಗಿಡಬೇಡಿ. ಎರಡು-ಮೂರು ವಿಮಾನವಷ್ಟೇ ಇರುವ ಕಂಪನಿ ಅಪಘಾತದ ಮರುದಿನ ಈ ತೀರ್ಮಾನಕ್ಕೆ ಕೂತರೆ, ಬ್ಯಾಂಕಿನ ಕಂತು ಅದರ ತಲೆಯ ಮೇಲೆಯೇ ಕೂತಿರುತ್ತದೆ.

ಇಂಥ ಸಣ್ಣ ಮಾರ್ಗಗಳಿಗೆ ನೆರವಾಗುವ ಕೇಂದ್ರದ ಉಡಾನ್ ಯೋಜನೆಯಲ್ಲಿ ನಷ್ಟ ತುಂಬಿಕೊಡುವ ಹಣ ಹಾರಿದ ಆಸನಗಳ ಲೆಕ್ಕದಲ್ಲಿ ಬರುತ್ತದೆ. ಅದರಲ್ಲಿ ಶೇ 20 ನಮ್ಮ ರಾಜ್ಯದ ಪಾಲು. ವಿಮಾನ ನಿಂತ ದಿನ ಆ ಹಣವೂ ನಿಲ್ಲುತ್ತದೆ. ಸಂಬಳ, ವಿಮೆ, ಬಾಡಿಗೆ ನಿಲ್ಲುವುದಿಲ್ಲ. ಅತ್ತ ಅಂತರರಾಷ್ಟ್ರೀಯ ಪದ್ಧತಿಯಂತೆ ತನಿಖೆಯ ಪ್ರಾಥಮಿಕ ವರದಿಗೆ 30 ದಿನ, ಅಂತಿಮ ವರದಿಗೆ 12 ತಿಂಗಳು. ಅಷ್ಟು ದಿನ ಸಣ್ಣ ಕಂಪನಿ ಕಾಯುವುದಿಲ್ಲ, ಕಾಯಲು ಆಗುವುದೂ ಇಲ್ಲ. ಹಾಗಾಗಿ ಕಾರಣ ತಿಳಿಯುವ ಮೊದಲೇ ಹಾರಾಟ ಮತ್ತೆ ಶುರುವಾಗುತ್ತದೆ ಎಂದು ಹಿಡಿದುಕೊಂಡೇ ಕರಾರು ಬರೆಯಬೇಕು.

2017ರ ಡಿಸೆಂಬರ್ 31ರಂದು ಸಿಡ್ನಿ ಬಳಿಯ ಜೆರುಸಲೇಮ್ ಬೇಯಲ್ಲಿ ಒಂದು ಬೀವರ್ ಸೀಪ್ಲೇನ್ ಬಿದ್ದು ಪೈಲಟ್ ಮತ್ತು ಐವರು ಪ್ರಯಾಣಿಕರು ತೀರಿಕೊಂಡರು. ಕಂಪನಿ ಕೆಲವೇ ವಾರಗಳಲ್ಲಿ ಸೇವೆಗೆ ಮರಳಿತು. ಕಾರಣದ ಎಳೆ ಸಿಕ್ಕಿದ್ದು 2020ರಲ್ಲಿ, ರಕ್ತದ ಮಾದರಿಗಳನ್ನು ಇನ್ನೊಮ್ಮೆ ಪರೀಕ್ಷಿಸಿದಾಗ: ಕಾರ್ಬನ್ ಮೊನಾಕ್ಸೈಡ್. ಇಂಜಿನ್ನಿನ ಹೊಗೆ ಹೊರಹಾಕುವ ಎಕ್ಸಾಸ್ಟ್‌ನಲ್ಲಿ ಬಿರುಕು ಬಿಟ್ಟಿತ್ತು. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಬೆಂಕಿತಡೆ ಗೋಡೆಯಲ್ಲಿ ಮ್ಯಾಗ್ನೆಟೊ (ಇಂಜಿನ್ನಿಗೆ ಕಿಡಿ ಕೊಡುವ ಸಾಧನ) ತಪಾಸಣೆಗೆಂದು ಇರುವ ಮುಚ್ಚಳದ 3 ಬೋಲ್ಟ್ ಇರಲೇ ಇಲ್ಲ. ಬಣ್ಣವೂ ವಾಸನೆಯೂ ಇಲ್ಲದ ಅನಿಲ ಆ ತೂತುಗಳಿಂದ ಒಳಬಂತು. ಪ್ರಯಾಣಿಕರು ಹತ್ತುವ ಮುನ್ನ ಪೈಲಟ್ 27 ನಿಮಿಷ ನೀರಿನ ಮೇಲೆ ವಿಮಾನ ಓಡಿಸಿದ್ದರಿಂದ ಅವರ ರಕ್ತದಲ್ಲಿ ವಿಷ ಇನ್ನಷ್ಟು ಏರಿರಬಹುದೆಂದು ತನಿಖೆ ಹೇಳಿತು. ಅದು ಪಿಸ್ಟನ್ ಇಂಜಿನ್ನಿನ ವಿಮಾನ; ನಮ್ಮಲ್ಲಿಗೆ ಬರಬಹುದಾದ ಟ್ವಿನ್ ಆಟರ್, ಕ್ಯಾರವಾನ್ ಟರ್ಬೈನ್ ವಿಮಾನಗಳು. ಅವುಗಳಲ್ಲಿ ಈ ಅಪಾಯ ತೀರಾ ಕಡಿಮೆ. ಆದರೆ ಬಿಚ್ಚಿದ ಮುಚ್ಚಳಕ್ಕೆ ಬೋಲ್ಟ್ ಮರಳಿ ಬಿತ್ತೇ ಎಂಬ ಪ್ರಶ್ನೆ ಎಲ್ಲ ವಿಮಾನಕ್ಕೂ ಒಂದೇ.

2022ರ ಸೆಪ್ಟೆಂಬರ್ 4ರಂದು ಅಮೆರಿಕದ ಮ್ಯುಟಿನಿ ಬೇಯಲ್ಲಿ ಆಟರ್ ಸೀಪ್ಲೇನ್ ಬಿದ್ದು 10 ಮಂದಿ ಸತ್ತರು. ಬಾಲದ ಅಡ್ಡರೆಕ್ಕೆಯ ಕೋನ ಬದಲಿಸುವ ಆಕ್ಚುಯೇಟರ್‌ನಲ್ಲಿ ಕ್ಲ್ಯಾಂಪ್ ನಟ್ ಕಳಚಿಕೊಂಡಿತ್ತು. ಆ ನಟ್ಟಿನ ಆಟೆಗಳು (ತಿರುಪಿನ ಸುತ್ತುಗೆರೆಗಳು) ಕಿತ್ತಿರಲಿಲ್ಲ. ಅಂದರೆ ಎಳೆತಕ್ಕೆ ಕಿತ್ತು ಬಂದದ್ದಲ್ಲ, ಸುತ್ತು ಸುತ್ತಾಗಿ ತಾನೇ ಬಿಚ್ಚಿಕೊಂಡದ್ದು. ಅದನ್ನು ತಡೆಯಬೇಕಾದದ್ದು ತಂತಿಯಂಥ ಒಂದು ಲಾಕ್ ರಿಂಗ್; ಅದರ ತುದಿ ನಟ್ಟಿನ ರಂಧ್ರ ದಾಟಿ ಒಳಗಿನ ಕೊಳವೆಯ ರಂಧ್ರದಲ್ಲಿ ಕೂರಬೇಕು. ಆ ರಿಂಗ್ ಇರಲಿಲ್ಲ. ನಡುಗುವ ಯಂತ್ರದಲ್ಲಿ ಲಾಕ್ ಇಲ್ಲದ ನಟ್ಟು ನಿಲ್ಲುವುದಿಲ್ಲವೆಂದು ಗೋಕುಲ ರಸ್ತೆಯ ಯಾವ ಗ್ಯಾರೇಜಿನವರನ್ನು ಕೇಳಿದರೂ ಹೇಳುತ್ತಾರೆ.

2005ರಲ್ಲಿ ಮಯಾಮಿಯಲ್ಲಿ ರೆಕ್ಕೆ ಮುರಿದು ಬಿದ್ದ ಮಲ್ಲಾರ್ಡ್ ವಿಮಾನದಲ್ಲಿ 20 ಜನ ಹೋದರು. 1947ರಲ್ಲಿ ತಯಾರಾದ ವಿಮಾನ. ಇಂಧನ ಸೋರಿದಾಗಲೆಲ್ಲ ಸೀಲಂಟ್ ಬಳಿದಿದ್ದರು. ಸೋರಿಕೆಯ ಹಿಂದೆ ರೆಕ್ಕೆಯ ಲೋಹ ಸೀಳುತ್ತಿದ್ದುದನ್ನು ಸರಿಯಾಗಿ ಪತ್ತೆಹಚ್ಚಿ ದುರಸ್ತಿ ಮಾಡಲಿಲ್ಲ. ಆ ಕಂಪನಿ 2007ರಲ್ಲಿ ಮುಚ್ಚಿತು.

ಇವನ್ನೆಲ್ಲ ಮುಂದಿಟ್ಟುಕೊಂಡು ನಾವು ಕೇಳುವುದು ಇಷ್ಟು. ಅಪಘಾತವಾದರೆ ಮೊದಲ 60 ದಿನ, ಹಾರದಿದ್ದರೂ, ಸಂಬಳ ಮತ್ತು ತಪಾಸಣೆಯ ಖರ್ಚಿನಷ್ಟು ಹಣ ಕಂಪನಿಗೆ ಸಿಗಲಿ. ಹೊಟ್ಟೆಗೆ ಕುತ್ತು ಬಂದಾಗ ಬಿರುಕು ಹುಡುಕುವ ಕಣ್ಣು ಮಂಜಾಗುತ್ತದೆ. ಆ ಅವಧಿಯಲ್ಲಿ ಕಳೆದ 100 ಗಂಟೆಗಳ ಹಾರಾಟದಲ್ಲಿ ಬಿಚ್ಚಿ ಹಾಕಿದ ಪ್ರತಿ ಮುಚ್ಚಳವನ್ನೂ ಮತ್ತೆ ತೆರೆದು ಬೋಲ್ಟುಗಳನ್ನು ಎಣಿಸಬೇಕು. ಕಂಟ್ರೋಲ್ ಕೇಬಲ್, ಆಕ್ಚುಯೇಟರ್, ಲಾಕ್ ವೈರ್‌ಗಳನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಅವರಲ್ಲಿ ಒಬ್ಬರು ಕಂಪನಿಯ ಸಂಬಳದವರಾಗಿರಬಾರದು. ಲಾಗ್‌ಬುಕ್‌ನಲ್ಲಿ ಒಂದೇ ದೂರು ಮೂರು ಸಲ ಕಂಡರೆ ಆ ಭಾಗವನ್ನು ಬಿಚ್ಚಿ ಮೂಲ ನೋಡಬೇಕು. ವಿಮಾನವನ್ನು ನೀರಿನ ಮೇಲೆ ತೇಲಿಸುವ ದೋಣಿಯಂಥ ಫ್ಲೋಟಿನ ಪ್ರತಿ ಕೋಣೆಯಲ್ಲೂ ನೀರು ತುಂಬಿ ಸೋರಿಕೆ ಪರೀಕ್ಷಿಸಬೇಕು. ಆಮೇಲೆ ಪ್ರಯಾಣಿಕರಿಲ್ಲದೆ, ಇಳಿಯುವ ಪ್ರತಿ ಜಾಗದಲ್ಲೂ ಕನಿಷ್ಠ 10 ಸಲ ಇಳಿದು ಏಳಬೇಕು. ಸೂಪಾದಲ್ಲಿ ಬೇಸಿಗೆಗೆ ನೀರು ಇಳಿದಾಗ ಹೊಸದಾಗಿ ಆಳ ಅಳೆದು, ಮುಳುಗಿದ ಬೊಡ್ಡೆಗಳಿಗೆ ಗುರುತು ಹಾಕದೆ ಇದನ್ನೂ ಮಾಡಕೂಡದು.

ನೀರಿಗೆ ಇಳಿಯುವಾಗ ಚಕ್ರ ಹೊರಗಿದ್ದರೆ ವಿಮಾನ ಪಲ್ಟಿಯಾಗುತ್ತದೆ. ಆದ್ದರಿಂದ ‘ನೀರು, ಚಕ್ರ ಒಳಗೆ’ ಎಂದು ಇಬ್ಬರು ಪೈಲಟ್‌ಗಳೂ ಬಾಯಿಬಿಟ್ಟು ಹೇಳುವುದು ಕಡ್ಡಾಯವಾಗಲಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಸೊಂಟದಲ್ಲಿರಬೇಕು. ಗಾಳಿ ತುಂಬುವುದು ಹೊರಬಂದ ಮೇಲೆ. ಒಳಗೇ ತುಂಬಿದರೆ ಛಾವಣಿಗೆ ಅಂಟಿಕೊಂಡು ಬಾಗಿಲು ಸಿಗದು.

ಕೊನೆಯದು ಹ್ಯಾಂಗರ್. ಅಹಮದಾಬಾದ್‌ನ ಸಾಬರಮತಿಯಿಂದ ಏಕತಾ ಪ್ರತಿಮೆಗೆ 2020ರ ಅಕ್ಟೋಬರ್ 31ರಂದು ಆರಂಭವಾದ ಸೇವೆಯ ವಿಮಾನ ಒಂದು ತಿಂಗಳಿಗೇ ನಿರ್ವಹಣೆಗೆಂದು ಮಾಲ್ಡೀವ್ಸ್‌ಗೆ ಹೋಗಬೇಕಾಯಿತು. 2021ರ ಏಪ್ರಿಲ್‌ನಲ್ಲಿ ಸೇವೆ ನಿಂತಿತು. ಫ್ಲೋಟ್ ಸಮೇತ ವಿಮಾನ ಎತ್ತುವ ಜ್ಯಾಕ್, ಬಿಡಿಭಾಗ, ತೊಳೆಯುವ ನೆಲಗಟ್ಟು ಹುಬ್ಬಳ್ಳಿಯಲ್ಲೇ ಇರಲಿ. ಕಾರವಾರದ ಉಪ್ಪುನೀರಲ್ಲಿ ಇಳಿದು ಬಂದ ವಿಮಾನವನ್ನು ಅಂದೇ ಸಂಜೆ ಸಿಹಿನೀರಲ್ಲಿ ತೊಳೆಯಬೇಕು. ಇಲ್ಲಿನ ಸವಳು ಬೋರ್ ನೀರು ಹೊಡೆದರೆ ಒಂದು ಉಪ್ಪು ತೆಗೆದು ಇನ್ನೊಂದು ಬಳಿದಂತಾಗುತ್ತದೆ. ಮಲಪ್ರಭೆಯ ನೀರಿನ ಸಂಪರ್ಕ ಕೊಡಿಸಿ. ಇಂಜಿನ್ ಒಳಗೆ ಹಾಯಿಸಲು ಲವಣ ತೆಗೆದ ನೀರಿನ ಸಣ್ಣ ಘಟಕ ಪ್ರತ್ಯೇಕವಾಗಿ ಬೇಕು.

ಹಾರಾಟದ ಪರವಾನಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಕೈಯಲ್ಲಿದೆ, ಗೊತ್ತು. ಆದರೆ ಹಣ ಕೊಡುವ ಸರ್ಕಾರಗಳು ಷರತ್ತನ್ನೂ ಹಾಕಬಹುದು. ವಿಮಾನ ನಿಲ್ದಾಣದ ಸಲಹಾ ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನು ವಿಷಯಪಟ್ಟಿಗೆ ಸೇರಿಸಿ. ಕರೆದರೆ ಲಾಕ್ ರಿಂಗ್, ಬೋಲ್ಟು, ತಪಾಸಣಾ ಪಟ್ಟಿಯ ಕರಡು ಹಿಡಿದು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಿಮಾನ ನಿರ್ವಹಣಾ ಇಂಜಿನಿಯರುಗಳು, ಹುಬ್ಬಳ್ಳಿ-ಧಾರವಾಡ